ಹತ್ತಿಸಿದ ಕಥೆ ಬಂತು, ಇಳಿಸಿದ ಕಥೆ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಪಿಕಪ್ಪಿನ ಹಿಂದೆ ಟ್ರೇಲರ್ ಮನೆ ಕಟ್ಟಿಕೊಂಡು ಅಮೆರಿಕದ ಕೊಲೊರಾಡೊ ಬೆಟ್ಟಗಳನ್ನು ಸುತ್ತಿ ಬಂದ ಕುಟುಂಬವೊಂದರ ಲೇಖನ ನಿಮ್ಮ ಕಳೆದ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿವೆ. ಸರೋವರದ ದಂಡೆಯಲ್ಲಿ ಮಡಚುಕುರ್ಚಿ ಹಾಕಿಕೊಂಡು ಫಿಲ್ಟರ್ ಕಾಫಿ ಕುಡಿಯುತ್ತಿರುವ ಚಿತ್ರ ನೋಡಿ ಹೊಟ್ಟೆಕಿಚ್ಚೂ ಆಯಿತು. ಆದರೆ ತಮ್ಮ ಪಿಕಪ್ಪು ಐದು ಟನ್ ಎಳೆಯುತ್ತದೆ ಎಂಬ ಮಾತನ್ನು ಲೇಖಕರು ಮೂರು ಕಡೆ ಹೇಳಿದ್ದಾರೆ. ಎಳೆದುಕೊಂಡು ಮೇಲೆ ಹೋದದ್ದನ್ನು ಕೆಳಗೆ ಇಳಿಸಿದ್ದು ಹೇಗೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ‘ಮಾಮೂಲಿ ಕಾರಿನ ಲೈಸೆನ್ಸ್ ಸಾಕು, ಯಾರು ಬೇಕಾದರೂ ಹೋಗಬಹುದು’ ಎಂದು ಮುಗಿಸಿಬಿಟ್ಟಿದ್ದಾರೆ. ಲೈಸೆನ್ಸಿನ ಮಾತು ನಿಜ. ಉಳಿದದ್ದರ ಬಗ್ಗೆ ಬರೆಯದೆ ಇರಲಾಗಲಿಲ್ಲ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿಸಿಕೊಳ್ಳಿ, ಬ್ರೇಕಿನ ವಿಷಯ ಮಾತ್ರ ಉಳಿಸಿ.

ನಾನು ಸಕಲೇಶಪುರದವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾಗಿದ್ದೇನೆ. ಅದಕ್ಕೂ ಮೊದಲು ನಾನು ಲಾರಿ ಡ್ರೈವರನ ಮಗಳು. ಅಪ್ಪ ಎಪ್ಪತ್ತರ ದಶಕದಲ್ಲಿ ಬೆಂಜ್ ಲಾರಿಗೆ ದಿಮ್ಮಿ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮಾರನಹಳ್ಳಿ ದಾಟಿ ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಧಾನ ಮಾಡಿ, ಗೇರು ಇಳಿಸಿ, ಆಮೇಲೆ ಮಾತು ನಿಲ್ಲಿಸಿಬಿಡುತ್ತಿದ್ದರು. ‘ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು’ ಅನ್ನುವುದು ಅವರ ಲೆಕ್ಕ. ಡೀಸೆಲ್ ಉಳಿಸಲು ನ್ಯೂಟ್ರಲ್ ಹೊಡೆದು ಇಳಿಯುವವರನ್ನು ಕಂಡರೆ ಅವರ ಬಾಯಲ್ಲಿ ಬರುತ್ತಿದ್ದ ಮಾತು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಮಗಳು ಅಳಿಯ ಡೆನ್ವರ್ ಪಕ್ಕದಲ್ಲಿದ್ದಾರೆ. ಅಳಿಯ ದಾವಣಗೆರೆ ಹುಡುಗ, ಕಂಪ್ಯೂಟರ್ ಕೆಲಸ, ನೆಲ ಚಪ್ಪಟೆಯಾಗಿರುವ ಊರಿನವನು. ಕಳೆದ ವರ್ಷ ಇಪ್ಪತ್ತನಾಲ್ಕು ಅಡಿಯ ಹಳೆಯ ಟ್ರೇಲರ್ ಒಂದನ್ನು ಕೊಂಡ. ಒಳಗೆ ಮಂಚ, ಅಡುಗೆಕಟ್ಟೆ, ಗ್ಯಾಸಿನ ಫ್ರಿಜ್ಜು, ಬಚ್ಚಲು ಎಲ್ಲ ಇದೆ. ನಮ್ಮ ಮನೆಯ ದೇವರಕೋಣೆಯಷ್ಟು ಜಾಗದಲ್ಲಿ ಇಡೀ ಸಂಸಾರ. ಸೆಪ್ಟೆಂಬರಿನಲ್ಲಿ ನಾನು, ಅವರಿಬ್ಬರು, ಒಂಬತ್ತು ವರ್ಷದ ಮೊಮ್ಮಗ, ನಾಲ್ವರು ಹನ್ನೊಂದು ದಿನದ ತಿರುಗಾಟಕ್ಕೆ ಹೊರಟೆವು. ಡೆನ್ವರಿನಿಂದ ಇಂಟರ್‌ಸ್ಟೇಟ್ 70 ಹಿಡಿದು ಪಶ್ಚಿಮಕ್ಕೆ ಗ್ರ್ಯಾಂಡ್ ಜಂಕ್ಷನ್, ಅಲ್ಲಿಂದ ದಕ್ಷಿಣಕ್ಕೆ ಮಾಂಟ್ರೋಸ್, ಯೂರೇ. ಬರುವಾಗ ಗನ್ನಿಸನ್, ಮೊನಾರ್ಕ್ ಪಾಸ್ ಮೇಲೆ ಬಂದು 285ನೇ ಹೆದ್ದಾರಿಯಲ್ಲಿ ವಾಪಸ್.

ಡೆನ್ವರ್ ಇರುವುದೇ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಂದರೆ ಅಲ್ಲಿಯ ಪೇಟೆಬೀದಿಯಲ್ಲಿ ತರಕಾರಿ ತರುವವರು ನಮ್ಮ ಮುಳ್ಳಯ್ಯನಗಿರಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹತ್ತಿ ನಿಂತವರು. ಅಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಒಳಗೆ ರಸ್ತೆ ಐಸೆನ್‌ಹೋವರ್ ಸುರಂಗ ಮುಟ್ಟುತ್ತದೆ. ಅದರ ಪಶ್ಚಿಮದ ಬಾಯಿ 3,401 ಮೀಟರ್ ಎತ್ತರದಲ್ಲಿದೆ. 1973ರಲ್ಲಿ ತೆರೆದದ್ದು. ಪೂರ್ವಕ್ಕೆ ಬರುವವರ ಜೋಡಿ ಸುರಂಗ 1979ರಲ್ಲಿ ಆಯಿತು. ಎರಡರ ಉದ್ದವೂ ಸುಮಾರು 2.7 ಕಿಲೋಮೀಟರ್. ಸುರಂಗ ಬರುವ ಮೊದಲು ಎಲ್ಲರೂ ಲವ್‌ಲ್ಯಾಂಡ್ ಪಾಸ್ ಹತ್ತಿಳಿಯಬೇಕಿತ್ತು. ಅಪಾಯದ ರಾಸಾಯನಿಕ ಹೊತ್ತ ಟ್ಯಾಂಕರುಗಳು ಈಗಲೂ ಆ ಮೇಲಿನ ದಾರಿಯಲ್ಲೇ ಹೋಗಬೇಕು.

ಹತ್ತುವ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಲೇಖನ ಹೇಳಿದಂತೆ ಪಿಕಪ್ಪು ಎಳೆಯಿತು. ಗಾಳಿ ತೆಳುವಾದ ಹಾಗೆ ಎಂಜಿನ್ನಿಗೆ ಉಸಿರು ಕಡಿಮೆಯಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ ಎಂದು ಲೆಕ್ಕ. ನಮ್ಮದು ಟರ್ಬೊ ಇದ್ದದ್ದು, ಗುರ್ ಎನ್ನುತ್ತಾ ಬಲದ ಲೇನಿನಲ್ಲಿ ಲಾರಿಗಳ ಹಿಂದೆ ಹತ್ತಿತು. ಸುರಂಗದ ಆಚೆ ಬಾಯಿಂದ ಹೊರಬಿದ್ದಾಗ ಅಳಿಯ ‘ಗೆದ್ದೆವು ಅತ್ತೆ’ ಅಂದ.

ಅಲ್ಲೇ ತಪ್ಪಿದ್ದು. ಸುರಂಗದ ಬಾಯಿಂದ ಸಿಲ್ವರ್‌ಥಾರ್ನ್ ಊರಿನ ತನಕ ಸುಮಾರು 13 ಕಿಲೋಮೀಟರ್ ಒಂದೇ ಸಮ ಇಳಿಜಾರು, ಕೆಲವು ಕಡೆ ನೂರು ಮೀಟರಿಗೆ ಏಳು ಮೀಟರ್ ಇಳಿಯುತ್ತದೆ. ರಸ್ತೆ ಅಗಲ, ನುಣ್ಣಗೆ, ತಿರುವುಗಳೂ ಉದಾರ. ಶಿರಾಡಿಯ ಹಾಗೆ ಹೆದರಿಸುವುದಿಲ್ಲ. ಹೆದರಿಸದೆ ಇರುವುದೇ ಅದರ ತೊಂದರೆ. ಅಳಿಯ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು, ಗಂಟೆಗೆ ತೊಂಬತ್ತರ ಆಸುಪಾಸಿನಲ್ಲಿ, ಹಾಡು ಹಾಕಿಕೊಂಡು ಇಳಿಸುತ್ತಿದ್ದ. ಮೊಮ್ಮಗ ಕಿಟಕಿಯಿಂದ ಬೋರ್ಡು ಓದುತ್ತಿದ್ದ: ‘ರನ್‌ಅವೇ ಟ್ರಕ್ ರ‍್ಯಾಂಪ್, ಒಂದು ಮೈಲಿ.’ ಹಾಗಂದರೇನು ಅಂತ ಕೇಳಿದ. ನಾನು ಉತ್ತರ ಹೇಳುವ ಮೊದಲು ಮೂಗಿಗೆ ವಾಸನೆ ಬಂತು.

ಆ ವಾಸನೆಯನ್ನು ನಾನು ಐವತ್ತು ವರ್ಷದ ಮೇಲೆ ಮರೆತಿರಲಿಲ್ಲ. ಗುಂಡ್ಯದಲ್ಲಿ ನಿಂತ ಲಾರಿಗಳ ಸಾಲಿನಲ್ಲಿ ಬರುತ್ತಿದ್ದ ವಾಸನೆ. ಸುಟ್ಟ ಕೂದಲು, ಸುಟ್ಟ ಅಂಟು, ಎರಡೂ ಸೇರಿದ ಹಾಗೆ. ‘ಹಾಡು ನಿಲ್ಲಿಸು, ಗೇರು ಇಳಿಸು’ ಅಂದೆ. ಅವನು ‘ಆಟೊಮ್ಯಾಟಿಕ್ ಅತ್ತೆ, ತಾನೇ ನೋಡಿಕೊಳ್ಳುತ್ತೆ’ ಅಂದ. ಪೆಡಲು ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ ಎಂದು ಅವನಿಗೇ ಗೊತ್ತಾದಾಗ ಮುಖದ ಬಣ್ಣ ಇಳಿಯಿತು. ಕೈಯಿಂದ ಗೇರು ಒಂದೊಂದೇ ಇಳಿಸಿದ. ಎಂಜಿನ್ನು ಕಿರುಚಿತು. ಮಗಳು ಏನೋ ಒಡೆಯಿತು ಅಂದುಕೊಂಡು ಚೀರಿದಳು. ಒಡೆದಿರಲಿಲ್ಲ, ಹಿಡಿದಿತ್ತು. ಅರವತ್ತಕ್ಕೆ ಬಂತು. ದೀಪ ಮಿಣುಕಿಸುತ್ತಾ ಬಲಬದಿಯಲ್ಲೇ ಇಳಿದು ಸಿಲ್ವರ್‌ಥಾರ್ನಿನಲ್ಲಿ ನಿಲ್ಲಿಸಿದೆವು. ಟ್ರೇಲರಿನ ಗಾಲಿಯ ಹತ್ತಿರ ಕೈ ಒಯ್ದರೆ ರೊಟ್ಟಿ ಹೆಂಚಿನ ಕಾವು. ಅಳಿಯ ನೀರಿನ ಬಾಟಲಿ ತಂದ. ಬೇಡವೆಂದೆ, ಗಾಲಿಯ ಜೊತೆ ತಿರುಗುವ ಬ್ರೇಕಿನ ಬಟ್ಟಲು, ಅಂದರೆ ಡ್ರಮ್ಮು, ಕಾದಿರುವಾಗ ತಣ್ಣೀರು ಬಿದ್ದರೆ ಸೀಳುತ್ತದೆ. ತಾನಾಗಿ ಆರಲಿ ಅಂತ ಮುಕ್ಕಾಲು ಗಂಟೆ ಚುರುಮುರಿ ತಿನ್ನುತ್ತಾ ಕೂತೆವು.

ಆ ಮುಕ್ಕಾಲು ಗಂಟೆಯಲ್ಲಿ ಒಂದು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಮಾಡಿ ಅಳಿಯನಿಗೆ ತೋರಿಸಿದೆ. ನಿಮ್ಮ ಓದುಗರೂ ಮಾಡಿ ನೋಡಬಹುದು, ಹತ್ತನೇ ತರಗತಿಯದ್ದು ಸಾಕು. ಪಿಕಪ್ಪು, ಟ್ರೇಲರು, ನಾವು, ಸಾಮಾನು ಸೇರಿ 5,500 ಕಿಲೊ. ಸುರಂಗದಿಂದ ಊರಿಗೆ ಇಳಿದದ್ದು ಸುಮಾರು 700 ಮೀಟರ್. ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಮೂರು ಮುಕ್ಕಾಲು ಕೋಟಿ ಜೂಲ್. ಜೂಲ್ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ ಎಂದು ಮೂವತ್ತೊಂದು ವರ್ಷದ ಅನುಭವದಿಂದ ಬಲ್ಲೆ. ಆದ್ದರಿಂದ ಹೀಗೆ ಹೇಳುತ್ತೇನೆ: ನೂರಹತ್ತು ಲೀಟರ್ ತಣ್ಣೀರನ್ನು ಕೊತಕೊತ ಕುದಿಸುವಷ್ಟು ಶಾಖ. ನಮ್ಮ ಬಚ್ಚಲುಮನೆಯ ದೊಡ್ಡ ಹಂಡೆ ತುಂಬ ನೀರು. ಆ ಹಂಡೆ ಕಾಯಿಸಲು ಬೆಳಿಗ್ಗೆ ಎಷ್ಟು ಸೌದೆ ಒಟ್ಟಬೇಕು ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಷ್ಟು ಬೆಂಕಿ ಹತ್ತು ಹನ್ನೆರಡು ನಿಮಿಷದಲ್ಲಿ ಎಲ್ಲಿಗಾದರೂ ಹೋಗಲೇಬೇಕು. ಎದುರುಗಾಳಿ, ಟೈರು ಒಂದಿಷ್ಟು ತಿನ್ನುತ್ತವೆ. ಉಳಿದದ್ದಕ್ಕೆ ಎರಡೇ ದಾರಿ: ಎಂಟು ಗಾಲಿಗಳ ಬ್ರೇಕು, ಇಲ್ಲವೇ ಎಂಜಿನ್ನು. ಎಂಜಿನ್ನಿಗೆ ರೇಡಿಯೇಟರ್ ಇದೆ, ಹೊಗೆಕೊಳವೆ ಇದೆ, ಶಾಖ ಹೊರಹಾಕುವುದೇ ಅದರ ಉದ್ಯೋಗ. ಎಣ್ಣೆ ಕೊಡದೆ ಕಡಿಮೆ ಗೇರಿನಲ್ಲಿ ತಿರುಗಿಸಿದರೆ ಅದು ಗಾಳಿ ಹೀರುವ ಪಂಪಾಗಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಬ್ರೇಕಿಗೆ ಇರುವುದು ಉಜ್ಜಿ ಹಿಡಿಯುವ ಅಂಗೈಯಗಲದ ಪಟ್ಟಿ, ಲೈನಿಂಗು. ಅದು ಮಿತಿಮೀರಿ ಕಾದರೆ ಹಿಡಿತ ಬಿಡುತ್ತದೆ, ಕಾದ ಡ್ರಮ್ಮು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ನೀವು ತುಳಿದಷ್ಟೂ ಪೆಡಲು ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಟ್ರೇಲರಿನ ಬ್ರೇಕು ಇನ್ನೂ ತಮಾಷೆ. ಅದು ವಿದ್ಯುತ್ ಬ್ರೇಕು. ಡ್ರಮ್ಮಿನೊಳಗೆ ವಿದ್ಯುತ್ಕಾಂತ ಇರುತ್ತದೆ. ಕರೆಂಟು ಹರಿದಾಗ ಅದು ತಿರುಗುವ ಡ್ರಮ್ಮಿನ ಮುಖಕ್ಕೆ ಅಂಟಿ, ಅದರ ಜೊತೆ ತಾನೂ ತಿರುಗಲು ಹೋಗಿ ಒಂದು ಸನ್ನೆಕೋಲನ್ನು ಎಳೆಯುತ್ತದೆ, ಅದು ಲೈನಿಂಗನ್ನು ಒತ್ತುತ್ತದೆ. ಮೊಳೆಗೆ ತಾಮ್ರದ ತಂತಿ ಸುತ್ತಿ ಗುಂಡುಸೂಜಿ ಎತ್ತುವ ಪ್ರಯೋಗವನ್ನು ವರ್ಷಾವರ್ಷ ಮಾಡಿಸಿದ ನನಗೆ, ಎರಡೂಮುಕ್ಕಾಲು ಟನ್ನಿನ ಮನೆ ನಿಲ್ಲುವುದು ಅದೇ ಮೊಳೆಯಿಂದ ಎಂದು ಅರವತ್ತೆಂಟರಲ್ಲಿ ತಿಳಿಯಿತು. ಎಷ್ಟು ಕರೆಂಟು ಹೋಗಬೇಕು ಎಂಬುದನ್ನು ಡ್ರೈವರನ ಮೊಣಕಾಲ ಹತ್ತಿರದ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಹೊಂದಿಸಿಕೊಳ್ಳಬೇಕು. ಮಾರಿದವರು ಹೇಗೆ ಬಿಟ್ಟಿದ್ದರೋ ಹಾಗೇ ಇತ್ತು ನಮ್ಮದು. ಟ್ರೇಲರಿನ ಬ್ರೇಕೇ ಮುಕ್ಕಾಲು ಕೆಲಸ ಮಾಡುತ್ತಿತ್ತು, ಅದಕ್ಕೇ ಅದರ ಗಾಲಿ ಅಷ್ಟು ಕಾದದ್ದು.

ಆ ರ‍್ಯಾಂಪಿನ ವಿಷಯ. ಸುರಂಗದಿಂದ ಇಳಿಯುವ ಹಾದಿಯಲ್ಲಿ ಅಂಥವು ಎರಡು ಇವೆ. ಹೆದ್ದಾರಿಯ ಬಲಗಡೆಯಿಂದ ಕವಲೊಡೆದು ಬೆಟ್ಟದ ಮೇಲಕ್ಕೆ ಏರುವ ದಾರಿ. ಡಾಂಬರಿಲ್ಲ, ಸಡಿಲ ಉರುಟು ಜಲ್ಲಿ ತುಂಬಿರುತ್ತಾರೆ. ಬ್ರೇಕು ಹೋದ ಲಾರಿ ಅದಕ್ಕೆ ನುಗ್ಗಿದರೆ ಗಾಲಿಗಳು ಅಚ್ಚಿನ ತನಕ ಹೂತು ಲಾರಿ ನಿಲ್ಲುತ್ತದೆ. ಭತ್ತದ ಗದ್ದೆಯ ಕೆಸರಿಗೆ ಗಾಡಿ ಇಳಿದ ಹಾಗೆ. ಅದು ಇದ್ದೂ ಬಳಸದಿದ್ದರೆ ಏನಾಗುತ್ತದೆ ಎಂಬುದೂ ಅದೇ ಹೆದ್ದಾರಿಯಲ್ಲಿ ನಡೆದುಹೋಗಿದೆ. 2019ರ ಏಪ್ರಿಲ್ 25ರಂದು, ಬೆಟ್ಟ ಇಳಿದು ಡೆನ್ವರಿನ ಕಡೆಗೆ ಬರುತ್ತಿದ್ದ ಮರದ ಹಲಗೆಗಳ ಲಾರಿಯೊಂದು ಬ್ರೇಕು ಕಳೆದುಕೊಂಡು, ರ‍್ಯಾಂಪನ್ನು ದಾಟಿ ಮುಂದೆ ಬಂದು, ಲೇಕ್‌ವುಡ್ ಎಂಬಲ್ಲಿ ನಿಂತಿದ್ದ ವಾಹನಗಳ ಸಾಲಿಗೆ ಹೊಡೆಯಿತು. ನಾಲ್ವರು ಸತ್ತರು. ಡ್ರೈವರನಿಗೆ ಆಗ ಇಪ್ಪತ್ಮೂರು ವರ್ಷ. ನ್ಯಾಯಾಲಯ 110 ವರ್ಷ ಶಿಕ್ಷೆ ವಿಧಿಸಿತು. ಜನ ದೊಡ್ಡ ಸಂಖ್ಯೆಯಲ್ಲಿ ದನಿ ಎತ್ತಿದ ಮೇಲೆ 2021ರ ಕೊನೆಯಲ್ಲಿ ಗವರ್ನರ್ ಅದನ್ನು 10 ವರ್ಷಕ್ಕೆ ಇಳಿಸಿದರು. ಅದೇ ಇಳಿಜಾರಿನಲ್ಲಿ ಲಾರಿಯವರಿಗೆಂದು ಬೋರ್ಡುಗಳ ಸಾಲೇ ಇದೆ. ‘ನಿಮ್ಮ ಬ್ರೇಕು ಸರಿಯಾಗಿದೆಯೇ, ತಣ್ಣಗಿದೆಯೇ?’ ಅಂತ ಒಂದು. ‘ಮೋಸ ಹೋಗಬೇಡಿ, ಇನ್ನೂ ನಾಲ್ಕು ಮೈಲಿ ಕಡಿದಾದ ಇಳಿಜಾರಿದೆ’ ಅಂತ ಇನ್ನೊಂದು. ಸ್ವಲ್ಪ ದೂರ ಸಮತಟ್ಟಾದ ಕೂಡಲೇ ಘಟ್ಟ ಮುಗಿಯಿತು ಎಂದು ಭ್ರಮಿಸುವುದು ಮನುಷ್ಯ ಸ್ವಭಾವ. ಆ ಭ್ರಮೆಯನ್ನು ಬಲ್ಲ ಯಾರೋ ಬರೆಸಿದ ಬೋರ್ಡು ಅದು. ಅಪ್ಪ ಇದ್ದಿದ್ದರೆ ಇಳಿದು ಕೈಮುಗಿಯುತ್ತಿದ್ದರು.

ಮೊದಲ ರಾತ್ರಿ ಡಿಲ್ಲನ್ ಸರೋವರದ ದಂಡೆಯಲ್ಲಿ ತಂಗಿದೆವು. ಕುಕ್ಕರಿನ ಗ್ಯಾಸ್ಕೆಟ್ಟು ಮನೆಯಲ್ಲೇ ಉಳಿದಿತ್ತು. ಆ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ. ಬರಿ ಪಾತ್ರೆಯಲ್ಲಿ ಎಷ್ಟು ಬೇಯಿಸಿದರೂ ಅಕ್ಕಿಯ ನಡುವೆ ಗಟ್ಟಿ ಉಳಿಯಿತು. ಲೇಖನದಲ್ಲಿ ಬಿಸಿಬೇಳೆಬಾತಿನ ವರ್ಣನೆ ಇದೆ. ಅವರು ಗ್ಯಾಸ್ಕೆಟ್ಟು ಒಯ್ದಿರಬೇಕು.

ಅಲ್ಲೇ ಇನ್ನೊಂದು ಆಯಿತು. ಅಳಿಯ ಪಿಕಪ್ಪಿನಿಂದ ಟ್ರೇಲರನ್ನು ಕಳಚುವಾಗ ನೆಲ ತುಸು ವಾಟವಾಗಿತ್ತು. ಕೊಂಡಿ ಬಿಚ್ಚಿದ್ದೇ ಮನೆ ಒಂದು ಗೇಣು ಹಿಂದಕ್ಕೆ ಸರಿಯಿತು. ‘ಕಲ್ಲು ಕೊಡೋ!’ ಎಂದು ನಾನು ಕೂಗಿದ್ದು ಆಚೆ ದಂಡೆಗೂ ಕೇಳಿರಬೇಕು. ನಮ್ಮ ಲಾರಿಗಳಲ್ಲಿ ಗಾಡಿ ನಿಂತ ಕ್ಷಣ ಕ್ಲೀನರು ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಡುತ್ತಾನೆ, ಆಮೇಲೆ ಉಳಿದ ಮಾತು. ಟ್ರೇಲರಿಗೂ ಅದೇ ನಿಯಮ. ಕಲ್ಲಿನ ಬದಲು ಹಳದಿ ಪ್ಲಾಸ್ಟಿಕ್ ಅಡ್ಡೆ ಅಷ್ಟೇ. ಮೊದಲು ಗಾಲಿಗೆ ಅಡ್ಡೆ, ಆಮೇಲೆ ಕೊಂಡಿ. ಅವತ್ತಿನಿಂದ ಮೊಮ್ಮಗನೇ ಕ್ಲೀನರು.

ಮಾರನೆಯ ದಿನ ವೇಲ್ ಪಾಸ್. 3,250 ಮೀಟರ್ ಹತ್ತಿ ಪಶ್ಚಿಮಕ್ಕೆ ಮತ್ತೆ ಅಷ್ಟೇ ಕಡಿದಾದ ಇಳಿಜಾರು, ಮತ್ತೆ ಎರಡು ಜಲ್ಲಿ ರ‍್ಯಾಂಪು. ಈ ಸಲ ನೆತ್ತಿಯ ಮೇಲೆಯೇ ವೇಗ ಇಳಿಸಿ, ಪಿಕಪ್ಪಿನಲ್ಲಿ ಭಾರ ಎಳೆಯಲೆಂದೇ ಇರುವ ಗುಂಡಿ ಒತ್ತಿ, ಗೇರನ್ನು ಕೈಯಿಂದ ಮೂರಕ್ಕೆ ತಂದು ಇಳಿಯತೊಡಗಿದೆವು. ವೇಗ ಏರುತ್ತಿದೆ ಅನ್ನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ ಹತ್ತು ಕಿಲೋಮೀಟರಿನಷ್ಟು ತಗ್ಗಿಸುವುದು, ಪೂರ್ತಿ ಬಿಟ್ಟುಬಿಡುವುದು, ಮತ್ತೆ ಏರಲು ಬಿಡುವುದು. ಕಾಲು ಪೆಡಲಿನ ಮೇಲೆ ವಿಶ್ರಾಂತಿ ತೆಗೆದುಕೊಳ್ಳಬಾರದು. ಹಿಂದೆ ಕಾರುಗಳು ಸಾಲುಗಟ್ಟಿದವು, ಒಬ್ಬ ಹಾರ್ನ್ ಕೂಡ ಹೊಡೆದ. ಹೊಡೆಯಲಿ. ವೇಲ್ ಊರಿನಲ್ಲಿ ಇಳಿದು ಗಾಲಿ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಅಷ್ಟೇ.

ಗ್ಲೆನ್‌ವುಡ್ ಕಣಿವೆಯ ಬಗ್ಗೆ ಲೇಖನ ಹೇಳಿದ್ದೆಲ್ಲ ಒಪ್ಪಿದೆ. ಕೊಲೊರಾಡೊ ನದಿಯ ಪಕ್ಕದಲ್ಲಿ ಇಪ್ಪತ್ತು ಕಿಲೋಮೀಟರ್, ಒಂದು ದಿಕ್ಕಿನ ರಸ್ತೆ ಇನ್ನೊಂದರ ಮೇಲೆ ಕಂಬಗಳ ಮೇಲೆ ತೇಲಿದ ಹಾಗೆ. 1992ರಲ್ಲಿ ಮುಗಿದ ಕೆಲಸ. 2020ರ ಕಾಡ್ಗಿಚ್ಚಿನಲ್ಲಿ ಸುಟ್ಟ ಇಳಿಜಾರಿನಿಂದ ಮರುವರ್ಷದ ಮಳೆಗೆ ಮಣ್ಣು ಜಾರಿ ವಾರಗಟ್ಟಲೆ ಹೆದ್ದಾರಿ ಮುಚ್ಚಿತ್ತಂತೆ. ಶಿರಾಡಿಯ ಮಳೆಗಾಲ ಕಂಡವಳಿಗೆ ಆ ಬಂಡೆಗಳ ಕೆಳಗೆ ಹೋಗುವಾಗ ಕುತ್ತಿಗೆ ತಾನಾಗಿ ಮೇಲಕ್ಕೆ ತಿರುಗುತ್ತದೆ.

ಕಣಿವೆ ದಾಟಿ ಬಯಲಿಗೆ ಬಿದ್ದ ಮೇಲೆ ಎಲ್ಲರಿಗೂ ನಿರಾಳ. ಆಗಲೇ ಬಾಲ ಅಲ್ಲಾಡಿದ್ದು. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಿಂದಿಕ್ಕುವಾಗ ಅದರ ಗಾಳಿ ಮೊದಲು ಟ್ರೇಲರನ್ನು ನೂಕಿತು, ಆಮೇಲೆ ಎಳೆಯಿತು. ಟ್ರೇಲರು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಯಿತು. ಮೂರನೆಯದು ಮೊದಲನೆಯದಕ್ಕಿಂತ ದೊಡ್ಡದು. ಪಿಕಪ್ಪಿನ ಹಿಂಭಾಗವನ್ನೇ ನಾಯಿ ಬಾಲ ಹಿಡಿದು ಆಡಿಸಿದ ಹಾಗೆ ಆಡಿಸಿತು. ಅಳಿಯ ಇದನ್ನು ಓದಿಕೊಂಡಿದ್ದ, ಪುಣ್ಯ: ಪಿಕಪ್ಪಿನ ಬ್ರೇಕು ಒತ್ತಲಿಲ್ಲ, ಸ್ಟಿಯರಿಂಗ್ ತಿರುಚಾಡಲಿಲ್ಲ, ನೇರ ಹಿಡಿದು ಕಂಟ್ರೋಲರ್ ಪೆಟ್ಟಿಗೆಯ ಸನ್ನೆಯನ್ನು ಕೈಯಿಂದ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಸಿದ. ಹಗ್ಗ ಬಿಗಿದ ಹಾಗೆ ಬಾಲ ನೇರವಾಯಿತು. ಮಗಳು ಆಮೇಲೆ ಅರ್ಧ ಗಂಟೆ ಯಾರ ಜೊತೆಗೂ ಮಾತಾಡಲಿಲ್ಲ.

ಗ್ರ್ಯಾಂಡ್ ಜಂಕ್ಷನ್ ಹತ್ತಿರ ಲಾರಿಗಳ ತಂಗುದಾಣದಲ್ಲಿ ತೂಕದ ಕಟ್ಟೆ ಇತ್ತು. ಹತ್ತಿಪ್ಪತ್ತು ಡಾಲರಿನೊಳಗೆ ಮುಗಿಯುವ ಕೆಲಸ, ಹೊರಡುವ ಮೊದಲೇ ಮಾಡಬೇಕಿತ್ತು. ಟ್ರೇಲರು 2,700 ಕಿಲೊ. ಅದರ ಮೂಕಿ, ಅಂದರೆ ಮುಂದಕ್ಕೆ ಚಾಚಿದ ತೊಲೆ, ಪಿಕಪ್ಪಿನ ಕೊಂಡಿಯ ಮೇಲೆ ಒತ್ತುತ್ತಿದ್ದದ್ದು 230 ಕಿಲೊ. ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮೂಕಿಯ ಮೇಲಿರಬೇಕು ಎಂಬುದು ನಿಯಮ. ಕಡಿಮೆಯೆಂದರೂ 270 ಬೇಕಿತ್ತು. ಇದನ್ನು ಅಮೆರಿಕದವರಿಂದ ಕಲಿಯಬೇಕಾದ್ದೇನಿಲ್ಲ. ಎತ್ತಿನಗಾಡಿಗೆ ಹುಲ್ಲು ಹೇರಿದ ಯಾರನ್ನಾದರೂ ಕೇಳಿ: ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ನಮ್ಮ ಗಾಡಿ ಹಿಂಭಾರವಾಗಿತ್ತು. ಕಾರಣ ಹುಡುಕಿದರೆ, ಹಿಂದಿನ ಮಂಚದ ಕೆಳಗೆ ಇಪ್ಪತ್ತು ಕಿಲೊ ಸೋನಾಮಸೂರಿ ಚೀಲ, ಬೇಳೆ ಡಬ್ಬ, ನಾನೇ ಇಡಿಸಿದ ಕಲ್ಲುಗುಂಡು ಸಮೇತ ಒರಳು. ಅದರ ಹಿಂದೆಯೇ ಮನೆಯಲ್ಲಿ ತುಂಬಿಸಿಕೊಂಡು ಬಂದಿದ್ದ 150 ಲೀಟರ್ ನೀರಿನ ಟ್ಯಾಂಕು. ತಂಗುವ ಜಾಗದಲ್ಲೆಲ್ಲ ನಲ್ಲಿ ಇರುವಾಗ ಬೆಟ್ಟದ ಮೇಲೆ ನೀರು ಹೊತ್ತದ್ದು ಯಾರ ಬುದ್ಧಿ ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ನೀರು ಚೆಲ್ಲಿ, ಅಕ್ಕಿ ಒರಳು ಮುಂದಕ್ಕೆ ತಂದು ಮತ್ತೆ ತೂಗಿದಾಗ ಮೂಕಿಭಾರ 310ಕ್ಕೆ ಬಂತು.

ಹಾಗಾದ ಮೇಲೆ ಇನ್ನೊಂದು ಲೆಕ್ಕ ಕೆಟ್ಟಿತು. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ; ಪಿಕಪ್ಪು ತನ್ನ ಬೆನ್ನ ಮೇಲೆ ಎಷ್ಟು ಹೊರಬಹುದು ಎಂಬುದು ಅದರಲ್ಲಿರುತ್ತದೆ. ಐದು ಟನ್ ಎಳೆಯುತ್ತದೆ ಎಂದು ಜಾಹೀರಾತಿನಲ್ಲಿರುವ ಗಾಡಿಯ ಚೀಟಿಯಲ್ಲಿ ಏಳುನೂರು ಕಿಲೊ ಇರಬಹುದು. ನಮ್ಮದರಲ್ಲಿ ಇದ್ದದ್ದೂ ಅಷ್ಟೇ. ಮೂಕಿಭಾರ 310, ಕೊಂಡಿಯ ಕಬ್ಬಿಣ 45, ನಾವು ನಾಲ್ವರು 240, ಹಿಂದಿನ ತೊಟ್ಟಿಯಲ್ಲಿ ಜನರೇಟರು, ಸೌದೆ, ಐಸ್‌ಪೆಟ್ಟಿಗೆ 120. ಕೂಡಿದರೆ 715. ಸೌದೆಯನ್ನು ಅಲ್ಲೇ ಯಾರಿಗೋ ಕೊಟ್ಟೆವು. ಲೇಖನದ ಕುಟುಂಬ ಆರು ಮಂದಿ, ನಾಲ್ಕು ಸೈಕಲ್ಲು. ಅವರು ಈ ಚೀಟಿ ಓದಿದ್ದಾರೆಯೇ ಎಂದು ಕೇಳಬೇಕೆನಿಸಿತು, ಅಷ್ಟೇ, ದೂರಲಿಕ್ಕಲ್ಲ.

ಯೂರೇ ಸಿಲ್ವರ್ಟನ್ ನಡುವಿನ 550ನೇ ಹೆದ್ದಾರಿಗೆ ಟ್ರೇಲರು ಒಯ್ಯಲಿಲ್ಲ. ಮಾಂಟ್ರೋಸಿನಲ್ಲಿ ಬಿಟ್ಟು ಬರಿ ಪಿಕಪ್ಪಿನಲ್ಲಿ ಹೋಗಿ ಬಂದೆವು. ಪ್ರಪಾತದ ಅಂಚಿನಲ್ಲಿ ಎಷ್ಟೋ ದೂರ ತಡೆಗೋಡೆಯೇ ಇಲ್ಲ. ಇದ್ದರೆ ಚಳಿಗಾಲದಲ್ಲಿ ಹಿಮ ನೂಕಲು ಜಾಗವಿರುವುದಿಲ್ಲವಂತೆ. ನಾನು ಅರ್ಧ ದಾರಿ ಕಣ್ಣು ಮುಚ್ಚಿಕೊಂಡಿದ್ದೆ, ವರ್ಣಿಸಲಾರೆ. ಎಳೆಯುವವರಿಗೆ ಒಂದು ಮಾತು: ಫೋನಿನ ಮ್ಯಾಪಿಗೆ ನಿಮ್ಮ ಹಿಂದೆ ಮನೆ ಇರುವುದು ಗೊತ್ತಿರುವುದಿಲ್ಲ. ಗ್ಲೆನ್‌ವುಡ್ಡಿನಿಂದ ಆಸ್ಪೆನ್ ಮೇಲೆ ಹತ್ತಿರದ ದಾರಿ ಅಂತ ಅದು ಇಂಡಿಪೆಂಡೆನ್ಸ್ ಪಾಸ್ ತೋರಿಸಿತ್ತು. 3,687 ಮೀಟರ್ ಎತ್ತರದ ಆ ದಾರಿಯಲ್ಲಿ 35 ಅಡಿಗಿಂತ ಉದ್ದದ ಗಾಡಿಗಳಿಗೆ ನಿಷೇಧವಿದೆ. ನಮ್ಮ ಜೋಡಿ ನಲವತ್ತು ಅಡಿ ದಾಟುತ್ತದೆ.

ವಾಪಸ್ ಬರುವಾಗ ಮೊನಾರ್ಕ್ ಪಾಸ್, 3,448 ಮೀಟರ್. ನೆತ್ತಿಯ ಮೇಲೆ ಖಂಡವನ್ನು ಸೀಳುವ ಗೆರೆಯ ಫಲಕ ಇದೆ. ಪಶ್ಚಿಮಕ್ಕೆ ಬಿದ್ದ ಮಳೆ ಗನ್ನಿಸನ್, ಕೊಲೊರಾಡೊ ನದಿಗಳ ಪಾಲು. ಪೂರ್ವಕ್ಕೆ ಬಿದ್ದದ್ದು ಅರ್ಕನ್ಸಾ ನದಿ ಸೇರಿ ಮಿಸಿಸಿಪ್ಪಿಗೆ. ಮೊಮ್ಮಗನಿಗೆ ನಮ್ಮ ಬಿಸಿಲೆಯ ಹತ್ತಿರದ ಮಂಕನಹಳ್ಳಿಯ ಕಲ್ಲಿನ ಕಥೆ ಹೇಳಿದೆ. ಅಲ್ಲೂ ಹಾಗೇ, ಒಂದು ಬದಿಯ ನೀರು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಯದು ಬಂಗಾಳ ಕೊಲ್ಲಿಗೆ. ಅವನು ಬಾಟಲಿಯಿಂದ ಎರಡೂ ಕಡೆ ನೀರು ಚೆಲ್ಲಿದ. ಅಲ್ಲಿಂದ ಪಾಂಚಾ ಸ್ಪ್ರಿಂಗ್ಸ್ ಊರಿಗೆ 1,170 ಮೀಟರ್ ಇಳಿಯಬೇಕು. ‘ಎಷ್ಟು ಹಂಡೆ?’ ಅಂತ ಅಳಿಯನೇ ಕೇಳಿದ. ಒಂದೂಮುಕ್ಕಾಲು, ಅಂದೆ. ಎರಡನೇ ಗೇರಿಗೆ ಹಾಕಿದ. ಇಳಿಯುವ ತನಕ ಅವನೂ ಮಾತಾಡಲಿಲ್ಲ.

ನಮ್ಮ ಕಡೆಯೂ ಈಗ ಕ್ಯಾರವಾನ್ ಪ್ರವಾಸದ ಉತ್ಸಾಹ ಕಾಣುತ್ತಿದೆ. ಕೇರಳದವರು 2021ರಲ್ಲೇ ಅದಕ್ಕೊಂದು ನೀತಿ ಮಾಡಿದರು. ಇಲ್ಲಿಯವು ಎಳೆಯುವಂಥವಲ್ಲ, ಬಸ್ಸಿನ ಹಾಗೆ ತಾವೇ ಓಡುವಂಥವು. ಆದರೂ ಮನೆಯ ಭಾರ ಮನೆಯ ಭಾರವೇ, ಶಿರಾಡಿ ಚಾರ್ಮಾಡಿಗಳ ಇಳಿಜಾರೂ ಅದೇ. ನಮ್ಮ ಘಾಟಿಗಳಲ್ಲಿ ಒಂದು ಬದಿ ಬೆಟ್ಟ, ಇನ್ನೊಂದು ಬದಿ ಹೊಳೆ. ಜಲ್ಲಿ ರ‍್ಯಾಂಪಿಗೆ ಎಲ್ಲ ಕಡೆ ಜಾಗ ಸಿಗಲಿಕ್ಕಿಲ್ಲ ಎಂದು ಒಪ್ಪುತ್ತೇನೆ. ಇಳಿಜಾರು ಶುರುವಾಗುವ ಮೊದಲು ಹತ್ತು ಗಾಡಿ ನಿಂತು ಬ್ರೇಕು ಆರಿಸಿಕೊಳ್ಳುವಷ್ಟು ಜಾಗ, ‘ನಿಮ್ಮ ಬ್ರೇಕು ತಣ್ಣಗಿದೆಯೇ?’ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಕೇಳುವ ಒಂದು ಬೋರ್ಡು, ಇಷ್ಟಕ್ಕೆ ಜಾಗ ಇದೆ. ಧರ್ಮಪುರಿ ಸೇಲಂ ನಡುವೆ ತೊಪ್ಪೂರು ಘಾಟಿಯಲ್ಲಿ ಬ್ರೇಕು ಹೋದ ಲಾರಿಗಳ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇನೆ. ಪ್ರತಿ ಸಲ ‘ಬ್ರೇಕ್ ವೈಫಲ್ಯ’ ಎಂದು ಬರೆದು ಬಿಡುತ್ತೀರಿ. ಗಾಡಿ ಯಾವ ಗೇರಿನಲ್ಲಿತ್ತು ಎಂದು ನಿಮ್ಮ ವರದಿಗಾರರು ಒಮ್ಮೆ ಕೇಳಿ ಬರೆಯಲಿ.

ಮಕ್ಕಳ ಮನೆಗೆ ಹೋಗಿ ಇಂಥ ಪ್ರವಾಸಕ್ಕೆ ಹೊರಡುವ ನನ್ನ ವಯಸ್ಸಿನವರು ಈಗ ಬಹಳ. ಹಿಂದಿನ ಸೀಟಿನಲ್ಲಿ ಕೂತು ತೂಕಡಿಸಬೇಡಿ, ಮುಂದೆ ಕೂತುಕೊಳ್ಳಿ. ಡ್ರೈವರನಿಗಿಂತ ಪಕ್ಕದಲ್ಲಿ ಕೂತವರ ಮೂಗು ಚುರುಕು.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ಪುರವಣಿಯ ದೊಡ್ಡ ಚಿತ್ರದಲ್ಲಿ ಪಿಕಪ್ಪಿಗೂ ಟ್ರೇಲರಿಗೂ ನಡುವೆ ಎರಡು ಸುರಕ್ಷಾ ಸರಪಳಿಗಳು ಕಾಣುತ್ತವೆ. ಎರಡೂ ನೇರ ಇಳಿಬಿದ್ದಿವೆ. ಅವನ್ನು ಮೂಕಿಯ ಕೆಳಗೆ ಕತ್ತರಿಯ ಹಾಗೆ ಅಡ್ಡ ಹೆಣೆದು ಕೊಕ್ಕೆ ಹಾಕಬೇಕು. ಕೊಂಡಿ ಕಳಚಿದರೆ ಮೂಕಿ ರಸ್ತೆಗೆ ಕುಟ್ಟಿ ಹೂಳದೆ ಆ ಹೆಣಿಗೆಯ ತೊಟ್ಟಿಲಲ್ಲಿ ಬಂದು ಕೂರುತ್ತದೆ. ಸರಪಳಿ ಹರಿದರೂ ಟ್ರೇಲರಿನ ಬ್ರೇಕು ತಾನಾಗಿ ಹಿಡಿಯಲೆಂದು ಒಂದು ತೆಳು ತಂತಿಯನ್ನು ಪ್ರತ್ಯೇಕವಾಗಿ ಪಿಕಪ್ಪಿಗೆ ಸಿಕ್ಕಿಸಬೇಕು. ಚಿತ್ರದಲ್ಲಿ ಅದು ಕಾಣಲಿಲ್ಲ. ಪುಟದ ಫೋಟೊ ತೆಗೆದು ಅಳಿಯನಿಗೆ ಕಳಿಸಿದೆ, ಏನು ತಪ್ಪಿದೆ ಹೇಳು ಅಂತ. ನಾನು ಎರಡು ಕಂಡಿದ್ದೆ. ಅವನು ಮೂರು ಹೇಳಿದ: ಗಾಲಿಗೆ ಕಲ್ಲು ಕೊಟ್ಟಿಲ್ಲ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಕಲೇಶಪುರ